ಚಿಕ್ಕಪ್ಪ ಅಳಿಸಿದ ನಕ್ಷತ್ರಗಳು

ಎದುರು ಮನೆಯವರು ಗೇಟಿಗೆ ಬಣ್ಣ ಹೊಡೆಸುತ್ತಿದ್ದಾರೆ. ಬೆಳಿಗ್ಗೆಯಿಂದ ಟರ್ಪೆಂಟೈನ್ ವಾಸನೆ ಹೇಳದೆ ಕೇಳದೆ ನಮ್ಮ ಹಜಾರಕ್ಕೆ ಬಂದು ಕೂತಿದೆ. ಕಿಟಕಿ ಮುಚ್ಚಿ ಎಂದಳು ಹೆಂಡತಿ. ನಾನು ಕೇಳಿಸದವನ ಹಾಗೆ ಪೇಪರು ಅಡ್ಡ ಹಿಡಿದುಕೊಂಡೆ. ಆ ವಾಸನೆ ಬೇರೆಯವರಿಗೆ ತಲೆನೋವು ತರಬಹುದು, ನನಗೆ ಮಾತ್ರ ಶೀನು ಚಿಕ್ಕಪ್ಪನ ಅಂಗಿಯ ತೋಳು ನೆನಪಿಗೆ ಬರುತ್ತದೆ. ಚಿಕ್ಕಂದಿನಲ್ಲಿ ಅವರು ಕೆಲಸದಿಂದ ಬಂದು ನನ್ನನ್ನು ಎತ್ತಿಕೊಂಡರೆ ಆ ತೋಳಿನಿಂದ ಇದೇ ವಾಸನೆ ಬರುತ್ತಿತ್ತು. ನೆನಪು ಎಂದ ಕೂಡಲೆ ನೀವು ಗಾಬರಿಯಾಗಬೇಡಿ. ಇಂಥ ಬರಹಗಳಲ್ಲಿ ನೆನಪಿಗೆ ಬರುವವರು ಸಾಮಾನ್ಯವಾಗಿ ತೀರಿಕೊಂಡಿರುತ್ತಾರೆ. ನಮ್ಮ ಚಿಕ್ಕಪ್ಪ ಆ ಪದ್ಧತಿಗೆ ಇನ್ನೂ ಒಪ್ಪಿಲ್ಲ. ಪಕ್ಕದ ಕೋಣೆಯಲ್ಲೇ ಇದ್ದಾರೆ.

ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ಸಾಲಿನಲ್ಲಿ, ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲೆ, ಆಗ ಒಂದು ಫೋಟೋ ಸ್ಟುಡಿಯೊ ಇತ್ತು. ಚಿಕ್ಕಪ್ಪ ಅಲ್ಲಿ ಟಚಿಂಗ್ ಆರ್ಟಿಸ್ಟ್. ಮೊಬೈಲಿನಲ್ಲೇ ಹುಟ್ಟಿ ಮೊಬೈಲಿನಲ್ಲೇ ಬೆಳೆದವರಿಗೆ ಇದೇನೆಂದು ಹೇಳಬೇಕಾಗುತ್ತದೆ. ಫಿಲ್ಮಿನ ಕಾಲದಲ್ಲಿ ನೆಗೆಟಿವ್ ಮೇಲೆ ಒಂದು ಕಣ ಧೂಳು ಕೂತರೆ ಸಾಕು, ತೊಳೆದು ತೆಗೆದ ಫೋಟೋದಲ್ಲಿ ಅಲ್ಲೊಂದು ಬಿಳಿ ಚುಕ್ಕೆ ಬೀಳುತ್ತಿತ್ತು. ಮದುವೆ ಹೆಣ್ಣಿನ ಕಪ್ಪು ಜಡೆಯಲ್ಲಿ ಬಿಳಿ ಚುಕ್ಕೆ, ಮಾವನ ಕಪ್ಪು ಕೋಟಿನ ಮೇಲೆ ಬಿಳಿ ಚುಕ್ಕೆ. ಚಿಕ್ಕಪ್ಪ ಭೂತಗನ್ನಡಿ ಹಿಡಿದು, ಎಳೆಯಷ್ಟು ಸಣ್ಣ ಬ್ರಷ್ಷಿನ ತುದಿಯನ್ನು ನಾಲಿಗೆಯಲ್ಲಿ ಚೂಪು ಮಾಡಿ, ಆ ಚುಕ್ಕೆಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದರು. ಕಪ್ಪು ಚುಕ್ಕೆಯಾದರೆ ಬ್ಲೇಡಿನ ಮೂಲೆಯಿಂದ ಕೆರೆದು ಬಿಳಿ ಮಾಡುತ್ತಿದ್ದರು. ನಲವತ್ತು ವರ್ಷ ಅವರು ಇದನ್ನೇ ಮಾಡಿದರು. ಸ್ಟುಡಿಯೊದ ಪರದೆಗಳಿಗೆ ಎಣ್ಣೆಬಣ್ಣ ಬಳಿಯುವುದೂ ಅವರೇ, ಅಂಗಿಗೆ ಟರ್ಪೆಂಟೈನ್ ಹತ್ತುತ್ತಿದ್ದದ್ದು ಅದರಿಂದ. ಅವರ ನಾಲಿಗೆಯ ತುದಿ ಸದಾ ಬೂದು ಬಣ್ಣಕ್ಕಿರುತ್ತಿತ್ತು.

"ಟಚಿಂಗ್ ಕಾಣಿಸ್ಬಾರ್ದು ಕಣೋ," ಎನ್ನುತ್ತಿದ್ದರು. "ಕಾಣಿಸ್ತು ಅಂದ್ರೆ ಅದು ಟಚಿಂಗಲ್ಲ, ಗಾಯ."

ಅವರಿಗೆ ಇನ್ನೊಂದು ನೇಮವಿತ್ತು. ಫೋಟೋದಲ್ಲಿ ಏನು ಬೇಕಾದರೂ ಮಾಡುವರು, ಆದರೆ ಯಾರಾದರೂ ಮುಖ ನೋಡಿ ಕೇಳಿದರೆ ನಿಜ ಹೇಳಿಬಿಡುವರು. ಒಮ್ಮೆ ಒಂದು ಗಂಡಿನ ಕಡೆಯವರು ಹೆಣ್ಣಿನ ಫೋಟೋ ಹಿಡಿದು ಮಹಡಿ ಹತ್ತಿ ಬಂದು, ಇದರಲ್ಲಿ ಟಚಿಂಗ್ ಇದೆಯೇ ಎಂದು ಕೇಳಿದರಂತೆ. ಚಿಕ್ಕಪ್ಪ, "ಇದೆಯಲ್ಲ, ಗಲ್ಲದ ಮಚ್ಚೆ ತೆಗೆದಿದೀನಿ, ಎಡಗೆನ್ನೆ ಸ್ವಲ್ಪ ತುಂಬಿಸಿದೀನಿ," ಎಂದು ಕೆಲಸದ ಪಟ್ಟಿಯನ್ನೇ ಒಪ್ಪಿಸಿದರು. ಸ್ಟುಡಿಯೊ ಮಾಲೀಕ ತಲೆಯ ಮೇಲೆ ಕೈ ಹೊತ್ತು ಕೂತ. ಸಂಬಂಧವೇನೂ ಮುರಿಯಲಿಲ್ಲ. ಗಂಡಿನ ಫೋಟೋಗೆ ಕೂದಲು ಬರೆದವರೂ ಇವರೇ ಆಗಿದ್ದರು, ಅದನ್ನೂ ಹೇಳಿಬಿಡುತ್ತಾರೆಂದು ಅವರು ಬೇಗ ಬೇಗ ಇಳಿದು ಹೋದರು.

ಸ್ಟುಡಿಯೊ ಮುಚ್ಚಿದ ಮೇಲೆ ಚಿಕ್ಕಪ್ಪ ನಮ್ಮ ಮನೆಗೇ ಬಂದರು. ಮದುವೆಯಾದವರಲ್ಲ. ಎಷ್ಟೋ ಮದುವೆಗಳನ್ನು ಭೂತಗನ್ನಡಿಯಲ್ಲಿ ನೋಡಿದ ಮೇಲೆ ಧೈರ್ಯ ಬರಲಿಲ್ಲ ಎನ್ನುತ್ತಾರೆ. ಹಳೆಯ ಗಿರಾಕಿಗಳು ಆಗೀಗ ಅಜ್ಜ ಅಜ್ಜಿಯರ ಫೋಟೋ ತಂದುಕೊಡುತ್ತಿದ್ದರು. ತಮ್ಮ ಕೋಣೆಯ ಬೀದಿ ಕಡೆಯ ಕಿಟಕಿಯ ಬಳಿ ಕೂತು ಅದನ್ನು ಸರಿಮಾಡಿಕೊಡುವುದೇ ಅವರ ದಿನಚರಿ. ಮಿಕ್ಕ ಹೊತ್ತಿನಲ್ಲಿ ನನ್ನ ಮಗಳು ನಂದಿನಿಯೊಡನೆ ಜಗಳ. ಅವಳು ಆಗ ಎಂಟನೇ ಕ್ಲಾಸು. ನಮ್ಮ ಮನೆ ಮಾತು ಮೈಸೂರಿನ ಕಡೆಯದು, ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ, ಆದರೆ ಹುಟ್ಟಿ ಬೆಳೆದದ್ದು ಈ ತಮಿಳು ಊರಿನಲ್ಲಾದ್ದರಿಂದ ಉತ್ತರ ಬರುವುದು ತಮಿಳಿನಲ್ಲಿ. ಹಾಗಾಗಿ ಅವರ ಜಗಳ ಎರಡು ಭಾಷೆಯಲ್ಲಿ ನಡೆಯುತ್ತಿತ್ತು.

ಜಗಳದ ವಿಷಯ ನಕ್ಷತ್ರ. ಆ ವರ್ಷ ಬಾಹ್ಯಾಕಾಶದ ಯಾವುದೋ ದೊಡ್ಡ ದೂರದರ್ಶಕ ತೆಗೆದ ಫೋಟೋಗಳು ಎಲ್ಲರ ಮೊಬೈಲಿಗೂ ಬಂದು ಬೀಳುತ್ತಿದ್ದವು. ನಂದಿನಿ ಒಂದನ್ನು ತಾತನ ಮೂಗಿನ ಕೆಳಗೆ ಹಿಡಿದು, "ಪಾರು ತಾತಾ, ಸ್ಪೇಸ್‌ಲೇಂದು ಎಡುತ್ತ ಫೋಟೋ," ಎಂದಳು. ನೋಡು, ಬಾಹ್ಯಾಕಾಶದಿಂದ ತೆಗೆದದ್ದು ಎಂದು. ಚಿಕ್ಕಪ್ಪ ಭೂತಗನ್ನಡಿ ತಂದರು. ಮೊಬೈಲಿಗೆ ಭೂತಗನ್ನಡಿ ಹಿಡಿದವರನ್ನು ನಾನು ಅವತ್ತೇ ನೋಡಿದ್ದು.

"ಧೂಳು," ಎಂದರು. "ನೆಗೆಟಿವ್ ಒರೆಸ್ದೆ ಪ್ರಿಂಟ್ ಹಾಕಿದಾರೆ. ಇಷ್ಟು ಧೂಳು ಬಿಟ್ಟಿದ್ರೆ ನಮ್ಮ ಮಾಲೀಕ ನನ್ನ ಮಹಡಿಯಿಂದ ಕೆಳಕ್ಕೆ ತಳ್ತಿದ್ದ."

"ತಾತಾ! ಅದೆಲ್ಲಾಂ ಸ್ಟಾರ್ಸ್!"

"ಇದು ಸ್ಟಾರಾ? ಇದಕ್ಕೆ ನಾಕೂ ಕಡೆ ಕಡ್ಡಿ ಯಾಕಿದೆ? ಕ್ರಾಸ್ ಫಿಲ್ಟರ್ ಹಾಕಿದಾನೆ. ಮದುವೆ ಮನೇಲಿ ದೀಪ ಕಡ್ಡಿ ಕಡ್ಡಿಯಾಗಿ ಹೊಳೀಲಿ ಅಂತ ಹಾಕ್ತಿದ್ವಲ್ಲ, ಅದೇ. ಬಣ್ಣ ನೋಡು, ಯಾರೋ ಹೊಸಬ, ಗುಲಾಬಿ ಜಾಸ್ತಿ ಬಳಿದಿದಾನೆ. ಕೈಗೆ ತಾಳ್ಮೆ ಇಲ್ಲ."

ನಂದಿನಿ ಬಿಡುವವಳಲ್ಲ. ಎಲ್ಲೆಲ್ಲೋ ಹುಡುಕಿ, ಓದಿ, ಮುಖ ಸಪ್ಪಗೆ ಮಾಡಿಕೊಂಡು ಬಂದಳು. ಆ ಫೋಟೋಗಳ ಬಣ್ಣವನ್ನು ಭೂಮಿಯ ಮೇಲೆ ಕೂತವರು ಆಮೇಲೆ ಸೇರಿಸುವುದು ನಿಜವಂತೆ. ಚಿಕ್ಕಪ್ಪ ಆ ದಿನ ಎರಡು ಸಲ ಕಾಫಿ ಕೇಳಿ ಕುಡಿದರು. ಚಂದ್ರನ ವಿಷಯ ಬಂದರೆ ಇನ್ನೂ ಕಷ್ಟ. ಅವರ ಸ್ಟುಡಿಯೊದಲ್ಲಿ ಅವರೇ ಬರೆದ ನಕ್ಷತ್ರದ ಪರದೆ, ಅದರ ಮುಂದೆ ಪ್ಲೈವುಡ್ಡಿನ ಚಂದ್ರ ಇತ್ತು. ರಾಯಪುರಂನಿಂದ ಹಾರ್ಬರಿನ ಕೆಲಸಗಾರರು ಭಾನುವಾರ ಹೆಂಡತಿ ಮಕ್ಕಳೊಡನೆ ಬಂದು ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಚಂದ್ರನ ಮೇಲೆ ಕಾಲಿಟ್ಟವರ ಮಾತು ಬಂದಾಗಲೆಲ್ಲ ಚಿಕ್ಕಪ್ಪ, "ಎಷ್ಟು ಜನ ಹೋಗಿದ್ರಂತೆ? ನಾವು ಒಂದೊಂದು ಭಾನುವಾರ ಮೂವತ್ತು ಜನನ್ನ ಕಳಿಸ್ತಿದ್ವಿ," ಎನ್ನುವರು.

ಇದೆಲ್ಲ ನಗುವಿನಲ್ಲಿ ಮುಗಿಯುತ್ತಿತ್ತು, ನಂದಿನಿಯ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಬರದೇ ಇದ್ದಿದ್ದರೆ. ಅವಳು ನಕ್ಷತ್ರಗಳ ಒಂದು ಫೋಟೋ ಆರಿಸಿ, ಫೋಟೋ ಲ್ಯಾಬಿನಲ್ಲಿ ಕ್ಯಾಲೆಂಡರಿನಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದಳು. ಕಪ್ಪು ಆಕಾಶ, ಅದರ ತುಂಬ ನೂರಾರು ಚುಕ್ಕೆ. ಎರಡು ವಾರ ಕೂತು ಅದರ ಬಗ್ಗೆ ಬರೆದು ಬಾಯಿಪಾಠ ಮಾಡಿದಳು. ಪ್ರದರ್ಶನ ಸೋಮವಾರ. ಭಾನುವಾರ ಮಧ್ಯಾಹ್ನ ಅವಳು ಗೆಳತಿಯ ಮನೆಗೆ ಹೋಗಿದ್ದಳು, ನಾವು ಗಂಡ ಹೆಂಡತಿ ಊಟ ಮಾಡಿ ಮಲಗಿದ್ದೆವು. ಊಟವಾದ ಮೇಲೆ ಮಲಗುವುದು ನಮ್ಮ ಮನೆತನದ ದೌರ್ಬಲ್ಯ. ಚಿಕ್ಕಪ್ಪ ಒಬ್ಬರೇ ಎದ್ದಿದ್ದರು, ಮೇಜಿನ ಮೇಲೆ ಆ ಫೋಟೋ ಇತ್ತು.

ಸಂಜೆ ಎದ್ದು ನೋಡುತ್ತೇನೆ, ಆಕಾಶ ಖಾಲಿಯಾಗಿದೆ. ಒಂದು ಚುಕ್ಕೆ ಇಲ್ಲ. ಕಡ್ಡಿ ಇದ್ದ ನಾಲ್ಕು ದೊಡ್ಡ ನಕ್ಷತ್ರ ಮಾತ್ರ ಉಳಿದಿವೆ. ಚಿಕ್ಕಪ್ಪ ಬ್ರಷ್ ತೊಳೆಯುತ್ತಿದ್ದರು, ಮುಖದಲ್ಲಿ ವರ್ಷಗಳಿಂದ ಕಾಣದಿದ್ದ ಕಳೆ.

"ಎಲ್ಲಾ ಕ್ಲೀನ್ ಮಾಡಿದೀನಿ," ಎಂದರು. "ಪಾಪ, ಮಗು ಅಷ್ಟು ಜನರ ಮುಂದೆ ಧೂಳಿರೋ ಫೋಟೋ ಇಟ್ಕೊಂಡು ನಿಂತ್ಕೊಳ್ಳೋದಾ?"

"ಆ ನಾಲ್ಕು?" ಎಂದು ಕೇಳಿದೆ. ಕೇಳಬೇಕಾದ ಪ್ರಶ್ನೆ ಅದಲ್ಲ, ಆದರೆ ನಿದ್ದೆಯಿಂದ ಎದ್ದವನ ಬುದ್ಧಿ ಅಷ್ಟೇ.

"ಅದು ಧೂಳಲ್ಲ, ಫಿಲ್ಟರ್. ಫಿಲ್ಟರ್ ಹಾಕಿದ್ದು ಅವರಿಷ್ಟ. ಅದಕ್ಕೆ ನಾವು ಕೈ ಹಾಕ್ಬಾರ್ದು."

ಚೇಷ್ಟೆಗೆ ಮಾಡಿದ್ದಲ್ಲ, ಜಗಳ ಗೆಲ್ಲಲೂ ಅಲ್ಲ. ನಿಜವಾಗಿ ಉಪಕಾರ ಮಾಡಿದ್ದರು. ನಂದಿನಿ ಬಂದಳು, ನೋಡಿದಳು. ಕಿರುಚಲಿಲ್ಲ. ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಭಾನುವಾರ ಸಂಜೆ, ಲ್ಯಾಬ್ ಮುಚ್ಚಿತ್ತು. ಅವಳು ಅಳುವುದನ್ನು ಚಿಕ್ಕಪ್ಪ ನೋಡಿದರು. ಬ್ರಷ್ ಪಕ್ಕಕ್ಕಿಟ್ಟು ಹೊಸ ಬ್ಲೇಡ್ ಬಿಚ್ಚಿದರು.

ಬಣ್ಣದ ಫೋಟೋದ ಕಾಗದದಲ್ಲಿ ಒಂದು ಗುಟ್ಟಿದೆ, ನನಗೂ ಅವತ್ತೇ ಗೊತ್ತಾದದ್ದು. ಕಪ್ಪನ್ನು ಕೊಂಚ ಕೆರೆದರೆ ಕೆಂಪು ಬರುತ್ತದೆ. ಇನ್ನೂ ಕೊಂಚ ಕೆರೆದರೆ ಹಳದಿ. ಪೂರ್ತಿ ಕೆರೆದರೆ ಬಿಳಿ. ಚಿಕ್ಕಪ್ಪ ಉಸಿರು ಬಿಗಿಹಿಡಿದು, ಬ್ಲೇಡಿನ ಮೂಲೆಯಲ್ಲಿ ಒಂದೊಂದೇ ನಕ್ಷತ್ರ ಹುಟ್ಟಿಸತೊಡಗಿದರು. ನಂದಿನಿ ಕಣ್ಣೊರೆಸಿಕೊಂಡು ಬಂದು, ಅದೇ ಫೋಟೋ ಇದ್ದ ಮೊಬೈಲನ್ನು ಪಕ್ಕದಲ್ಲಿ ಹಿಡಿದು ನಿಂತಳು. ಅವರು ಅದನ್ನು ನೋಡಲೇ ಇಲ್ಲ. "ಬೇಡ ಮರಿ, ಮಧ್ಯಾಹ್ನ ತೆಗೆದಿದ್ದು ತಾನೇ? ಎಲ್ಲೆಲ್ಲಿತ್ತು ಅಂತ ನಂಗೆ ಜ್ಞಾಪಕ ಇದೆ," ಎಂದರು. ಊಟದ ಹೊತ್ತಿಗೆ ಆಕಾಶ ಮತ್ತೆ ತುಂಬಿತ್ತು. ಒಂದು ಮೂಲೆಯಲ್ಲಿ ಮಾತ್ರ ಮೊಬೈಲಿನಲ್ಲಿಲ್ಲದ ಒಂದು ಹಳದಿ ನಕ್ಷತ್ರ ಜಾಸ್ತಿಯಾಗಿತ್ತು. ಕೇಳಿದರೆ, ಅಲ್ಲಿ ಖಾಲಿ ಖಾಲಿ ಕಾಣಿಸ್ತಿತ್ತು ಎಂದರು.

ಸೋಮವಾರ ನಾನೂ ಚಿಕ್ಕಪ್ಪನೂ ಪ್ರದರ್ಶನಕ್ಕೆ ಹೋದೆವು. ತೀರ್ಪುಗಾರರಾಗಿ ಬಂದಿದ್ದ ಒಬ್ಬ ಮೇಷ್ಟ್ರು ನಂದಿನಿಯ ಫೋಟೋದ ಮುಂದೆ ಬಹಳ ಹೊತ್ತು ನಿಂತು, ಕೆಂಪು ನಕ್ಷತ್ರಕ್ಕಿಂತ ಹಳದಿಗೆ ಬಿಸಿ ಜಾಸ್ತಿ, ಹಳದಿಗಿಂತ ಬಿಳಿಗೆ ಜಾಸ್ತಿ ಎಂದು ಮಕ್ಕಳಿಗೆ ವಿವರಿಸಿದರು. ಆ ಹೆಚ್ಚಿನ ಹಳದಿ ನಕ್ಷತ್ರವನ್ನೇ ತೋರಿಸಿ ವಿವರಿಸಿದರು. ಅಷ್ಟರಲ್ಲಿ ಬೇರೊಂದು ಮಗುವಿನ ಅಪ್ಪ ಹಿಂದಿನಿಂದ, "ಇದೆಲ್ಲ ಡೂಪ್ ಸಾರ್, ಕಂಪ್ಯೂಟರಲ್ಲಿ ಮಾಡೋದು," ಎಂದು ತಮಿಳಿನಲ್ಲಿ ಕೊಂಕು ತೆಗೆದ. ತಿಂಗಳುಗಟ್ಟಲೆ ಇದನ್ನೇ ಹೇಳುತ್ತಿದ್ದ ನಮ್ಮ ಚಿಕ್ಕಪ್ಪ ಸರಕ್ಕನೆ ಅವನ ಕಡೆ ತಿರುಗಿದರು.

"ನಾನು ನಲವತ್ತು ವರ್ಷ ಫೋಟೋ ಟಚಿಂಗ್ ಮಾಡಿದವನು," ಎಂದರು, ಅವರೂ ತಮಿಳಿನಲ್ಲೇ. "ಇದರಲ್ಲಿ ಟಚಿಂಗ್ ಇಲ್ಲ. ನಿಜವಾದ ನಕ್ಷತ್ರ. ಗ್ಯಾರಂಟಿ ನನ್ನದು."

ನಂದಿನಿಗೆ ಮೊದಲ ಬಹುಮಾನ ಬಂತು. ಮನೆಗೆ ಬರುವಾಗ ಆಟೋದಲ್ಲಿ ಚಿಕ್ಕಪ್ಪ ಕುಗ್ಗಿ ಕೂತಿದ್ದರು. "ಫೋಟೋಲಿ ಸಾವಿರ ಸುಳ್ಳು ಹೇಳಿದೀನಿ ಕಣೋ," ಎಂದರು ನನಗೆ. "ಬಾಯಲ್ಲಿ ಹೇಳಿದ್ದು ಇದೇ ಮೊದಲು."

ಆ ಸುಳ್ಳು ತಡೆದುಕೊಳ್ಳಲಾಗದೆ ಹೋದದ್ದು ನಂದಿನಿಗೆ. ನಮಗೆ ಯಾರಿಗೂ ಹೇಳದೆ ಮರುದಿನ ತನ್ನ ಸೈನ್ಸ್ ಟೀಚರ್ ವಸಂತಾ ಅವರ ಹತ್ತಿರ ಹೋಗಿ, ನಕ್ಷತ್ರಗಳನ್ನು ನಮ್ಮ ತಾತ ಬ್ಲೇಡಿನಲ್ಲಿ ಮಾಡಿದ್ದು ಎಂದು ಒಪ್ಪಿಸಿಬಿಟ್ಟಳು. ಟೀಚರ್ ಹೆಡ್ ಮಿಸ್ಟ್ರೆಸ್‌ಗೆ ಹೇಳದೆ ಇರುವಂತಿರಲಿಲ್ಲ. ಹೆಡ್ ಮಿಸ್ಟ್ರೆಸ್ ನಂಬಲೇ ಇಲ್ಲ. ಇಂಥದ್ದನ್ನು ಕೈಯಲ್ಲಿ ಮಾಡಲು ಯಾರಿಂದ ಆಗುತ್ತದೆ ಎಂದು ಚಿಕ್ಕಪ್ಪನನ್ನೇ ಕರೆಸಿದರು. ನಾನೂ ಜೊತೆಗೆ ಹೋದೆ. ಕೈಯಲ್ಲಿ ಮಾಡಿದ್ದೇ ನಿಜವಾದರೆ ಬಹುಮಾನ ವಾಪಸ್ಸು ತೆಗೆದುಕೊಳ್ಳಬೇಕಾಗುತ್ತದೆ, ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲ ಮಕ್ಕಳ ಮುಂದೆ ಅದನ್ನು ಹೇಳಬೇಕಾಗುತ್ತದೆ ಎಂದರು ಆಕೆ. ನಂದಿನಿ ವಸಂತಾ ಟೀಚರ್ ಪಕ್ಕದಲ್ಲಿ ಗೋಡೆಗೊರಗಿ ನಿಂತಿದ್ದಳು. ಚಿಕ್ಕಪ್ಪ ಒಮ್ಮೆ ಅವಳ ಕಡೆ ತಿರುಗಿ ನೋಡಿದರು.

ಹೆಡ್ ಮಿಸ್ಟ್ರೆಸ್ ಒಂದು ಹಳೆಯ ಫೋಟೋ ಮುಂದಿಟ್ಟು, ಅದರ ಕಪ್ಪು ಭಾಗದಲ್ಲಿ ಒಂದೇ ಒಂದು ನಕ್ಷತ್ರ ಮಾಡಿ ತೋರಿಸಿ ಎಂದರು. ಚಿಕ್ಕಪ್ಪ ಬ್ಲೇಡ್ ತೆಗೆದರು. ಕೈ ನಡುಗಿತು. ಎಡಗೈಯಿಂದ ಬಲಗೈ ಹಿಡಿದುಕೊಂಡರು, ಆಗ ಎರಡೂ ನಡುಗಿದವು. ಬ್ಲೇಡು ಜಾರಿ ಫೋಟೋ ಉದ್ದಕ್ಕೂ ಹರಿಯಿತು.

"ಪಾವಂ, ಪೆರಿಯವರು," ಎಂದರು ಹೆಡ್ ಮಿಸ್ಟ್ರೆಸ್. ಪಾಪ, ವಯಸ್ಸಾದವರು ಎಂದು. ಮಗುವಿಗೆ ತಾತನ ಮೇಲೆ ಪ್ರೀತಿ ಜಾಸ್ತಿ, ಅದಕ್ಕೇ ಏನೋ ಹೇಳಿದ್ದಾಳೆ ಎಂದು ನಕ್ಕು, ನಂದಿನಿಯ ಬೆನ್ನು ತಟ್ಟಿ ಕಳಿಸಿಕೊಟ್ಟರು. ಬಹುಮಾನ ಉಳಿಯಿತು.

ಮನೆಗೆ ಬಂದು ಚಿಕ್ಕಪ್ಪ ಕಾಫಿ ಕೇಳಿದರು. ಹೆಂಡತಿ ಲೋಟದ ಕಂಠಮಟ್ಟ ತುಂಬಿಸಿ ಕೊಟ್ಟಳು. ಅಡಿಗೆಮನೆಯಿಂದ ಕಿಟಕಿಯ ತನಕ ಅದನ್ನು ಹಿಡಿದು ನಡೆದರು, ಒಂದು ಹನಿ ಚೆಲ್ಲಲಿಲ್ಲ. ನಾನು ನೋಡಿದೆ. ನಂದಿನಿಯೂ ನೋಡಿದಳು.

"ತಾತಾ, ನಾನ್ ಉಣ್ಮೈ ಸೊನ್ನೇನ್," ಎಂದಳು ಅಳುವ ದನಿಯಲ್ಲಿ. ನಾನು ನಿಜ ಹೇಳಿದ್ದೆ ಎಂದು.

"ಗೊತ್ತು ಮರಿ. ಅದಕ್ಕೇ ಮಾಡಿದ್ದು," ಎಂದರು ಚಿಕ್ಕಪ್ಪ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ವಸಂತಾ ಟೀಚರ್ ಮನೆ ನಮ್ಮ ಹಿಂದಿನ ಬೀದಿಯಲ್ಲಿ. ಬೆಳಿಗ್ಗೆ ಸಂಜೆ ನಮ್ಮ ಕಿಟಕಿಯ ಮುಂದೆಯೇ ಹೋಗಿಬರಬೇಕು. ಒಮ್ಮೆ ನಡುಗಿದ ಕೈ ಅವರ ಕಣ್ಣಿಗೆ ಯಾವಾಗಲೂ ನಡುಗುತ್ತಲೇ ಇರಬೇಕಲ್ಲ! ಚಿಕ್ಕಪ್ಪ ತರಕಾರಿ ಅಂಗಡಿಯಲ್ಲಿ ನುಗ್ಗೇಕಾಯಿ ಆರಿಸುತ್ತಿರುವರು, ಟೀಚರ್ ಬಂದರೆ ನುಗ್ಗೇಕಾಯಿ ಗಡಗಡ ಅಲ್ಲಾಡುವುದು. ಟೀಚರ್ ಅಯ್ಯೋ ಎಂದು ಚೀಲ ಹಿಡಿದುಕೊಂಡು ಮನೆತನಕ ಬರುವರು. ಮಾಧವರಂ ಬಸ್ ನಿಲ್ದಾಣದಲ್ಲಿ ಅಕಸ್ಮಾತ್ ಎದುರಾದಾಗಲೂ ನಡುಗಿದರು. ಒಂದು ಸಲ ಅವಸರದಲ್ಲಿ ತಲೆಯನ್ನೂ ಅಲ್ಲಾಡಿಸಿಬಿಟ್ಟು, ಮುಂದೆ ಅದನ್ನೂ ನಡೆಸಿಕೊಂಡು ಹೋಗಬೇಕಾಯಿತು. ನಾವು ಮನೆಯಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು.

ನಗುತ್ತ ನಗುತ್ತ ನಾನು ಒಂದನ್ನು ಗಮನಿಸಲೇ ಇಲ್ಲ, ಅದಕ್ಕೆ ನನಗೆ ಇವತ್ತಿಗೂ ನಾಚಿಕೆ. ಚಿಕ್ಕಪ್ಪ ಟಚಿಂಗ್ ಕೆಲಸ ಬಿಟ್ಟುಬಿಟ್ಟಿದ್ದರು. ಬೆಳಕಿರುವುದು ಆ ಕಿಟಕಿಯ ಬಳಿ ಮಾತ್ರ, ಅಲ್ಲಿ ಕೂತು ಬ್ರಷ್ ಹಿಡಿದರೆ ಟೀಚರ್ ಕಣ್ಣಿಗೆ ಬೀಳುತ್ತದೆ. ಹಳೆಯ ಗಿರಾಕಿಗಳು ಬಂದರೆ, ಕೈ ಸರಿಯಿಲ್ಲ ಎಂದು ಅವರನ್ನೂ ವಾಪಸ್ಸು ಕಳಿಸುತ್ತಿದ್ದರು. ಮೂರು ವರ್ಷ ಹೀಗೇ ಕಳೆಯಿತು. ಎಪ್ಪತ್ತೇಳನೆಯ ವಯಸ್ಸಿನಲ್ಲಿ ಮೂರು ವರ್ಷ ಎಂದರೆ ಎಷ್ಟೆಂದು ನೀವೇ ಹೇಳಿ.

ಹೋದ ವಾರ ವಸಂತಾ ಟೀಚರ್ ನಮ್ಮ ಮನೆಗೆ ಬಂದರು. ರಿಟೈರ್ ಆಗಿ, ಮನೆ ಖಾಲಿ ಮಾಡಿ ತಿರುಚ್ಚಿಗೆ ಅಕ್ಕನ ಹತ್ತಿರ ಹೊರಟಿದ್ದರು, ಹೇಳಿ ಹೋಗಲು ಬಂದಿದ್ದರು. ಚಿಕ್ಕಪ್ಪ ಅವರ ದನಿ ಕೇಳಿದ ಕೂಡಲೆ ಶುರುಮಾಡಿದರು, ಕೈ ಮತ್ತು ತಲೆ ಎರಡೂ. ಟೀಚರ್ ತಮಿಳಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಸಾಕು ಸಾರ್, ನಿಲ್ಲಿಸಿ. ಕೈ ನೋಯುತ್ತದೆ."

ಚಿಕ್ಕಪ್ಪನ ಕೈ ನಿಂತಿತು. ತಲೆ ನಿಲ್ಲಲು ಒಂದು ಕ್ಷಣ ಹೆಚ್ಚು ಹಿಡಿಯಿತು. ನಾನು ನೆಲ ನೋಡುತ್ತ ನಿಂತೆ. ಚಿಕ್ಕಪ್ಪನಿಗೆ ಸಿಕ್ಕಿಬಿದ್ದ ನಾಚಿಕೆಯೇನೂ ಇದ್ದಂತಿರಲಿಲ್ಲ. ಅವರ ಚಿಂತೆಯೇ ಬೇರೆ.

"ಟಚಿಂಗ್ ಎಲ್ಲಿ ಕಾಣಿಸಿತು?" ಎಂದು ಕೇಳಿದರು.

"ಅವತ್ತೇ, ಹೆಡ್ ಮಿಸ್ಟ್ರೆಸ್ ರೂಮಿನಲ್ಲಿ. ಫೋಟೋ ಹರಿದ ಮೇಲೆ ಬ್ಲೇಡನ್ನು ಅದರ ಕಾಗದದಲ್ಲಿ ನೀಟಾಗಿ ಮಡಿಸಿ ಜೇಬಿಗಿಟ್ಟುಕೊಂಡಿರಿ. ನಡುಗುವ ಕೈ ಹಾಗೆ ಮಡಿಸುವುದಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ಅವಳು ಬಹುಮಾನ ಹೋದರೂ ಸರಿ ಎಂದು ನಿಜ ಹೇಳಿದಳು. ನೀವು ಅವಳಿಗೋಸ್ಕರ ಮಾನ ಹೋದರೂ ಸರಿ ಎಂದು ಸುಳ್ಳು ಮಾಡಿದಿರಿ. ನಾನು ಯಾರನ್ನು ಹಿಡಿದುಕೊಡಲಿ?"

ಆಮೇಲೆ ಟೀಚರ್ ತಮ್ಮ ಬ್ಯಾಗಿನಿಂದ ಒಂದು ಕವರು ತೆಗೆದರು. ಒಳಗೆ ಒಂದು ಹಳೆಯ ಕಪ್ಪು ಬಿಳುಪು ಫೋಟೋ, ಅವರ ಅಪ್ಪನದು. ತೇವ ಹಿಡಿದು ಮೈತುಂಬ ಬಿಳಿ ಚುಕ್ಕೆ. ಅಪ್ಪನದು ಇದೊಂದೇ ಉಳಿದಿರುವುದು, ಮೂರು ವರ್ಷದಿಂದ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೇನೆ ಎಂದರು. "ಎಷ್ಟು ಸಲ ಕೊಡೋಣ ಅಂತ ಬಂದೆ ಸಾರ್. ನೀವು ನನ್ನನ್ನು ಕಂಡ ಕೂಡಲೆ ನಡುಗಲು ಶುರುಮಾಡುತ್ತಿದ್ದಿರಿ. ಹೇಗೆ ಕೊಡಲಿ?"

ಹೇಳುತ್ತಾ ಅವರಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಚಿಕ್ಕಪ್ಪ ಎದ್ದು ಎರಡೂ ಕೈಯಲ್ಲಿ ಆ ಫೋಟೋ ತೆಗೆದುಕೊಂಡರು.

ಈಗ ನಾನು ಇದನ್ನು ಬರೆಯುತ್ತಿರುವಾಗ ಅವರು ಕಿಟಕಿಯ ಬಳಿ ಕೂತು ನಾಲ್ಕನೆಯ ದಿನ. ಚುಕ್ಕೆಗಳೆಲ್ಲ ಹೋಗಿವೆ, ಟೀಚರ್ ಅಪ್ಪ ಗರಿಗರಿ ಕೋಟಿನಲ್ಲಿ ಕೂತಿದ್ದಾರೆ. ಸ್ವಲ್ಪ ಹೊತ್ತಿನ ಹಿಂದೆ ಚಿಕ್ಕಪ್ಪ ನಂದಿನಿಯನ್ನು ಕೂಗಿದರು. ಅವಳೀಗ ಹನ್ನೊಂದನೇ ಕ್ಲಾಸು, ಕೂಗಿದ ಕೂಡಲೆ ಬರುವ ವಯಸ್ಸಲ್ಲ, ಆದರೂ ಬಂದಳು. ನಾನೂ ಹಿಂದೆ ಹೋಗಿ ನಿಂತೆ. ಟೀಚರ್ ಅಪ್ಪನ ಬಲಗಣ್ಣಿನ ಪಾಪೆಯಲ್ಲಿ ಒಂದು ಬಿಳಿ ಚುಕ್ಕೆ ಉಳಿದಿತ್ತು. ಸ್ಟುಡಿಯೊದ ದೀಪ ಕಣ್ಣಿನಲ್ಲಿ ಹೊಳೆದರೂ ಹಾಗೇ ಕಾಣುತ್ತದೆ, ತೇವದ ಚುಕ್ಕೆಯಾದರೂ ಹಾಗೇ ಕಾಣುತ್ತದೆ.

"ಇದು ಧೂಳಾ, ಬೆಳಕಾ? ನೋಡಿ ಹೇಳು ಮರಿ," ಎಂದು ಚಿಕ್ಕಪ್ಪ ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟರು. ಈ ಪ್ರಶ್ನೆಯನ್ನು ಅವರು ಇನ್ನೊಬ್ಬರನ್ನು ಕೇಳಿದ್ದನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

ನಂದಿನಿ ಬಗ್ಗಿ ಬಹಳ ಹೊತ್ತು ನೋಡಿದಳು. "ತೆರಿಯಲೆ ತಾತಾ," ಎಂದಳು. ಗೊತ್ತಾಗುತ್ತಿಲ್ಲ.

"ಹಂಗಾದ್ರೆ ಇರ್ಲಿ," ಎಂದು ಚಿಕ್ಕಪ್ಪ ಬ್ರಷ್ ಕೆಳಗಿಟ್ಟರು.